ಕೆಲಸದ ಸ್ಲೆಡ್‌ನ ರನ್ನರ್ ಕಾಲು ಪದೇ ಪದೇ ಮುರಿಯುತ್ತಿದೆ. ಕಡಿಮೆ ಖರ್ಚಿನಲ್ಲಿ ಗಟ್ಟಿಯಾಗಿ ಮಾಡೋದು ಹೇಗೆ?

ಮಂಜುದಾರಿ

ಎಲ್ಲರಿಗೂ ನಮಸ್ಕಾರ. ಸೌದೆ, ಡೀಸೆಲ್ ಕ್ಯಾನು, ಉಪಕರಣದ ಪೆಟ್ಟಿಗೆ ಸಾಗಿಸಲು ನಾನೇ ಒಂದು ಸ್ಲೆಡ್, ಅಂದರೆ ಹಿಮದ ಮೇಲೆ ಜಾರಿಸಿ ಎಳೆಯುವ ಚಕ್ರವಿಲ್ಲದ ಗಾಡಿ, ಮಾಡಿಕೊಂಡಿದ್ದೇನೆ. ಹಿಮದ ಮೇಲೆ ಓಡುವ ಮೋಟಾರು ಗಾಡಿ ಸ್ನೋಮೊಬೈಲ್ ಹಿಂದೆ ಕಟ್ಟಿ ಎಳೆಯುತ್ತೇನೆ. ಅಡಿಯಲ್ಲಿ ಹಿಮದ ಮೇಲೆ ಜಾರುವ ಎರಡು ಉದ್ದ ಮರ, ಅಂದರೆ ರನ್ನರ್, ಒಂದೊಂದು 2.4 ಮೀಟರ್ ಉದ್ದ, 120 ಮಿ.ಮೀ. ಎತ್ತರ, 40 ಮಿ.ಮೀ. ದಪ್ಪ. ಮೇಲೆ ಮೂರು ಅಡ್ಡಮರ, ಅದರ ಮೇಲೆ ಹಲಗೆ. ರನ್ನರ್‌ಗೂ ಅಡ್ಡಮರಕ್ಕೂ ನಡುವೆ 20 ಸೆಂ.ಮೀ. ಎತ್ತರದ ಕಬ್ಬಿಣದ ಕಾಲುಗಳು. ಒಟ್ಟು ಆರು. ತೊಂದರೆ ಇರೋದು ಅಲ್ಲೇ.

ಕಾಲುಗಳನ್ನು ಗುಜರಿಯಲ್ಲಿ ಸಿಕ್ಕ 6 ಮಿ.ಮೀ. ಪ್ಲೇಟಿನಿಂದ ಮಾಡಿದ್ದೆ. 40 ಮಿ.ಮೀ. ಅಗಲಕ್ಕೆ ಗ್ರೈಂಡರ್‌ನಲ್ಲಿ ಕೊಯ್ದೆ. ವೈಸ್‌ಗೆ ಕಚ್ಚಿಸಿ, ಸುತ್ತಿಗೆಯಲ್ಲಿ ಬಡಿದು, ಮೇಲ್ತುದಿಯನ್ನು ತೊಂಬತ್ತು ಡಿಗ್ರಿ ಬಗ್ಗಿಸಿದೆ. ಬಗ್ಗಿದ ಭಾಗ ಅಡ್ಡಮರದ ಅಡಿಗೆ ಬೋಲ್ಟ್ ಆಗುತ್ತೆ. ಕೆಳಗಿನ ಭಾಗ ರನ್ನರ್‌ನ ಒಳಮೈಗೆ ಬೋಲ್ಟ್ ಆಗುತ್ತೆ.

ಎರಡು ಚಳಿಗಾಲ ಚೆನ್ನಾಗಿ ನಡೆಯಿತು. ಈ ಸಲ ಮೂರು ಕಾಲು ಮುರಿದವು. ಎರಡು ಬಗ್ಗಿಸಿದ ಜಾಗದಲ್ಲೇ, ಒಂದು ತೂತಿನ ಮಧ್ಯೆ. ಮೂರೂ ಮುಂದಿನ ಕಡೆಯವು ಅಥವಾ ನಡುವಿನವು. ಕೊನೆಯದು ಮುರಿದ ದಿನ ಹೊರಗೆ ಮೈನಸ್ 25 ಡಿಗ್ರಿ ಇತ್ತು, ಲೋಡು ಸುಮಾರು 350 ಕೆ.ಜಿ. ಹಳೇ ಜಾಡನ್ನು ಓರೆಯಾಗಿ ದಾಟುವಾಗ ಟಕ್ ಅಂತ ಸದ್ದು ಬಂತು, ಸ್ಲೆಡ್ ಒಂದು ಪಕ್ಕಕ್ಕೆ ಕೂತುಬಿಟ್ಟಿತು. ಅರ್ಧ ಲೋಡು ಅಲ್ಲೇ ಇಳಿಸಿ, ಕಾಲಿಗೆ ಹಗ್ಗ ಬಿಗಿದು, ಕತ್ತಲಾದ ಮೇಲೆ ಮನೆ ಸೇರಿದೆ.

ನನ್ನ ಹತ್ತಿರ ಇರೋದು ಗ್ರೈಂಡರ್, ಡ್ರಿಲ್, ವೈಸ್, ಒಂದು ಸಣ್ಣ ವೆಲ್ಡಿಂಗ್ ಮಷಿನ್. 10 ಮಿ.ಮೀ. ಪ್ಲೇಟಿಗೆ ಹೋಗಲಾ? ಬಿರುಕಿಗೆ ವೆಲ್ಡ್ ಹಾಕಿದರೆ ಸಾಕಾ? ಸ್ಟೇನ್‌ಲೆಸ್ ಒಳ್ಳೆಯದಾ? ಜಾಸ್ತಿ ಖರ್ಚು ಮಾಡುವ ಹಾಗಿಲ್ಲ.

ಸುತ್ತಿಗೆಸದ್ದು

ಮೊದಲು ಮುರಿದ ಮುಖವನ್ನು ನೋಡಿ ಹೇಳಿ. ಬೆಳಕಿಗೆ ಹಿಡಿದು ನೋಡಿ. ಪೂರ್ತಿ ಒಂದೇ ಥರ ಇದೆಯಾ, ಎರಡು ಬಣ್ಣ ಇದೆಯಾ? ಇನ್ನೊಂದು ಪ್ರಶ್ನೆ. ಎಳೆಯುವ ಕೊಕ್ಕೆಯನ್ನು ಎಲ್ಲಿಗೆ ಹಾಕಿದ್ದೀರಿ? ರನ್ನರ್ ಮೂತಿಗಾ, ಮುಂದಿನ ಅಡ್ಡಮರಕ್ಕಾ?

ಮಂಜುದಾರಿ

ಎರಡು ಬಣ್ಣ ಇದೆ ಸರ್. ಬಗ್ಗಿದ ಹೊರಮೈ ಕಡೆಯಿಂದ ಅರ್ಧದಷ್ಟು ಮಂಕಾಗಿದೆ, ಸ್ವಲ್ಪ ತುಕ್ಕಿನ ಬಣ್ಣ. ಅದರಲ್ಲಿ ಕಪ್ಪೆಚಿಪ್ಪಿನ ಮೇಲೆ ಇರುವಂಥ ಸಣ್ಣ ಗೆರೆಗಳು ಕಾಣುತ್ತವೆ. ಉಳಿದ ಅರ್ಧ ಕಲ್ಲುಸಕ್ಕರೆ ಒಡೆದ ಹಾಗೆ ಮಿನುಗುತ್ತಿದೆ. ಕೊಕ್ಕೆ ಮುಂದಿನ ಅಡ್ಡಮರದ ನಡುವೆ ಇದೆ.

ಸುತ್ತಿಗೆಸದ್ದು

ಹಾಗಾದರೆ ನಿಮ್ಮ ಕಾಲು ಆ ದಿನ ಮುರಿದದ್ದಲ್ಲ. ಅದು ಮುರಿಯೋಕೆ ಶುರುವಾಗಿ ತಿಂಗಳುಗಳೇ ಆಗಿರಬೇಕು. ಮಂಕಾದ ಅರ್ಧ ನಿಧಾನವಾಗಿ ಸೀಳಿದ್ದು. ಪ್ರತಿ ಕುಲುಕಾಟಕ್ಕೂ ಬಿರುಕು ಕೂದಲೆಳೆಯಷ್ಟು ಮುಂದೆ ಹೋಗಿದೆ. ಆ ಗೆರೆಗಳು ಅದು ನಿಂತು ನಿಂತು ಸಾಗಿದ ಗುರುತು. ಒಳಗೆ ನೀರು ಹೋಗಿ ತುಕ್ಕು ಹಿಡಿದಿದೆ. ಮಿನುಗುವ ಅರ್ಧ ಮಾತ್ರ ಆವತ್ತು ಚಳಿಯಲ್ಲಿ ಒಂದೇ ಏಟಿಗೆ ಹೋಗಿದ್ದು. ಚಳಿಯಲ್ಲಿ ಸಾದಾ ಕಬ್ಬಿಣ ಬಗ್ಗುವ ಗುಣ ಕಳೆದುಕೊಳ್ಳುತ್ತೆ. ಬಿರುಕು ಮೊದಲೇ ಇದ್ದರೆ ಗಾಜಿನ ಥರ ಒಡೆಯುತ್ತೆ. ಯುರೋಪಿನ ಇಎನ್ 10025 ಸ್ಟ್ಯಾಂಡರ್ಡ್‌ನಲ್ಲಿ ಉಕ್ಕಿನ ಹೆಸರಿನ ಕೊನೆಗೆ ಜೆಆರ್, ಜೆ0, ಜೆ2 ಅಂತ ಬರೆಯುವುದು ಇದಕ್ಕೇ. ಜೆಆರ್ ಅಂದರೆ ಪ್ಲಸ್ 20 ಡಿಗ್ರಿಯಲ್ಲಿ 27 ಜೌಲ್ ಏಟು ತಾಳಿದ್ದು, ಜೆ0 ಅಂದರೆ ಸೊನ್ನೆಯಲ್ಲಿ, ಜೆ2 ಅಂದರೆ ಮೈನಸ್ 20ರಲ್ಲಿ. ಗುಜರಿ ಪ್ಲೇಟಿನ ಮೇಲೆ ಇದ್ಯಾವುದೂ ಬರೆದಿರಲ್ಲ. ಆದರೂ ತೆಳು ಕಬ್ಬಿಣ ಬಿರುಕಿಲ್ಲದೆ ಇದ್ದರೆ ಚಳಿಯನ್ನು ಚೆನ್ನಾಗಿಯೇ ತಾಳುತ್ತೆ. ಹಾಗಾಗಿ ಬಿರುಕು ಹುಟ್ಟದ ಹಾಗೆ ಮಾಡೋದೇ ನಿಮ್ಮ ಕೆಲಸ. ದಪ್ಪ ಮಾಡೋದು ಆಮೇಲಿನ ಮಾತು.

ಬಿರುಕು ಯಾಕೆ ಹುಟ್ಟಿತು ಅಂತ ನೋಡೋಣ. ವೈಸ್‌ನ ದವಡೆಯ ಅಂಚು ಚೂಪಾಗಿರುತ್ತೆ. ಅದರ ಮೇಲೆ ಬಡಿದರೆ ಒಳಮೂಲೆಯ ತಿರುವು ಒಂದೆರಡು ಮಿ.ಮೀ. ಅಷ್ಟೇ. 6 ಮಿ.ಮೀ. ದಪ್ಪದ ಹೊರಮೈ ಅಷ್ಟು ಚೂಪಾಗಿ ತಿರುಗಬೇಕಾದರೆ ಅರ್ಧಕ್ಕಿಂತ ಜಾಸ್ತಿ ಹಿಗ್ಗಬೇಕು. ಸಾದಾ ಕಬ್ಬಿಣ ಎಳೆದರೆ ತುಂಡಾಗುವ ಮುಂಚೆ ಹಿಗ್ಗೋದು ನೂರಕ್ಕೆ 20, 25. ಅಂದರೆ ಬಗ್ಗಿಸಿದ ದಿನವೇ ಹೊರಮೈಯಲ್ಲಿ ಕಣ್ಣಿಗೆ ಕಾಣದ ಸೀಳು ಬಿದ್ದಿತ್ತು. ಅದರ ಜೊತೆ ಗ್ರೈಂಡರ್‌ನ ಗೀರು. ಅಡ್ಡ ಗೀರು ಅಂದರೆ ಬಿರುಕಿಗೆ ನಾವೇ ಬಾಗಿಲು ತೆರೆದಿಟ್ಟ ಹಾಗೆ. ಮತ್ತೆ ಪ್ಲೇಟನ್ನು ಯಾವ ದಿಕ್ಕಿಗೆ ಕೊಯ್ದಿರಿ ಅನ್ನೋದೂ ಮುಖ್ಯ. ಕಬ್ಬಿಣಕ್ಕೂ ಮರದ ಹಾಗೆ ಎಳೆ ಇರುತ್ತೆ, ರೋಲ್ ಮಾಡಿದ ದಿಕ್ಕಿಗೆ. ಎಳೆಗೆ ಅಡ್ಡಲಾಗಿ ಮಡಚಿದರೆ ತಾಳುತ್ತೆ, ಎಳೆಯ ಉದ್ದಕ್ಕೇ ಮಡಚಿದರೆ ಸೀಳುತ್ತೆ. ಅಂಗಡಿಯ ಪಟ್ಟಿ ಕಬ್ಬಿಣದಲ್ಲಿ ಎಳೆ ಯಾವಾಗಲೂ ಉದ್ದಕ್ಕೇ ಇರುತ್ತೆ. ಗುಜರಿ ಪ್ಲೇಟಿನಲ್ಲಿ ಗೊತ್ತಾಗಲ್ಲ.

ಈಗ 10 ಮಿ.ಮೀ. ವಿಷಯ. ಲೆಕ್ಕ ಹಾಕಿ ತೋರಿಸುತ್ತೇನೆ, ನೀವೂ ಹಾಕಿ ನೋಡಿ. ಸ್ಲೆಡ್ ಓರೆಯಾಗಿ ಜಾಡು ದಾಟುವಾಗ ಲೋಡಿನ ಅರ್ಧದಷ್ಟು ಒತ್ತು ಒಂದೇ ರನ್ನರ್‌ಗೆ ಪಕ್ಕದಿಂದ ಬಂತು ಅಂದುಕೊಳ್ಳಿ. ಅದನ್ನು ಎರಡು ಕಾಲು ಹಂಚಿಕೊಂಡರೆ ಒಂದಕ್ಕೆ ಸುಮಾರು 85 ಕೆ.ಜಿ. ನಿಮ್ಮ 40×6 ಪಟ್ಟಿ 20 ಸೆಂ.ಮೀ. ದೂರದಲ್ಲಿ ಚಪ್ಪಟೆ ಕಡೆಯಿಂದ ತಳ್ಳಿದರೆ 30 ಕೆ.ಜಿ.ಗೇ ಬಗ್ಗೋಕೆ ಶುರುವಾಗುತ್ತೆ. 40×10 ಹಾಕಿದರೆ 85 ಕೆ.ಜಿ. ಅಂದರೆ ಅಂಚಿಗೆ ಬಂದು ನಿಂತ ಹಾಗೆ, ಉಸಿರಾಡೋಕೂ ಜಾಗ ಇಲ್ಲ. ಅದೇ 40×40×5 ಆ್ಯಂಗಲ್, ಅಂದರೆ ಎಲ್ ಆಕಾರದ ಕಬ್ಬಿಣ, ಹಾಕಿದರೆ 240 ಕೆ.ಜಿ. ಆ್ಯಂಗಲ್ ಮೀಟರಿಗೆ 3 ಕೆ.ಜಿ. ತೂಗುತ್ತೆ, 10 ಮಿ.ಮೀ. ಪಟ್ಟಿ 3.1 ಕೆ.ಜಿ. ತೂಕ ಕಡಿಮೆ, ಗಟ್ಟಿತನ ಸುಮಾರು ಮೂರು ಪಟ್ಟು. ಕಬ್ಬಿಣ ಮಾರೋದು ತೂಕದ ಮೇಲೆ ಅಲ್ವಾ, ಹಾಗಾಗಿ ಖರ್ಚೂ ಜಾಸ್ತಿ ಆಗಲ್ಲ.

ಆದರೆ ಆ್ಯಂಗಲ್‌ನಲ್ಲಿ ನನಗೆ ನಿಜವಾಗಿ ಇಷ್ಟ ಆಗೋದು ಬೇರೆ. ಅದನ್ನು ಬಗ್ಗಿಸೋದೇ ಬೇಡ. ಒಂದು ತುಂಡು ಆ್ಯಂಗಲ್ ಕೈಯಲ್ಲಿ ನೆಟ್ಟಗೆ ಹಿಡಿದು, ಸ್ಲೆಡ್ ಪಕ್ಕ ಕೂತು ನೋಡಿ. ಅದರ ಒಂದು ರೆಕ್ಕೆ ರನ್ನರ್‌ನ ಒಳಮೈಗೆ ಸಪಾಟಾಗಿ ಕೂರುತ್ತೆ. ಇನ್ನೊಂದು ರೆಕ್ಕೆ ಅಡ್ಡಮರದ ಮುಂದಿನ ಮುಖಕ್ಕೆ ಸಪಾಟಾಗಿ ಕೂರುತ್ತೆ. ಮಡಿಕೆ ಬೇಡ, ವೆಲ್ಡ್ ಬೇಡ. ಕೊಯ್ಯೋದು, ತೂತು ಹಾಕೋದು, ಬೋಲ್ಟ್ ಬಿಗಿಯೋದು. ರನ್ನರ್ ಮೇಲೆ 10 ಸೆಂ.ಮೀ., ನಡುವೆ 20, ಅಡ್ಡಮರದ ಮೇಲೆ 8. ಒಂದು ಕಾಲಿಗೆ 38 ಸೆಂ.ಮೀ., ಆರಕ್ಕೆ 2.3 ಮೀಟರ್. ಅಡ್ಡಮರ 8 ಸೆಂ.ಮೀ.ಗಿಂತ ಗಿಡ್ಡ ಇದ್ದರೆ ಬೇರೆ ಹಾಕಿ, ಎರಡು ಬೋಲ್ಟಿಗೆ ಜಾಗ ಬೇಕು.

ಇದರ ಮೇಲೆ ಒಂದು ಓರೆ ಪಟ್ಟಿ. 25×3 ಸಾಕು. ಕಾಲಿನ ಅಡ್ಡ ರೆಕ್ಕೆಯ ಮೇಲೆ, ಅರ್ಧ ಎತ್ತರದಲ್ಲಿ ಒಂದು ತುದಿ. ಅಲ್ಲಿಂದ 45 ಡಿಗ್ರಿಯಲ್ಲಿ ಅಡ್ಡಮರದ ಮುಖಕ್ಕೆ ಇನ್ನೊಂದು ತುದಿ. ಎರಡೂ ಒಂದೇ ಸಮದಲ್ಲಿ ಇರೋದರಿಂದ ಪಟ್ಟಿಯ ತುದಿಯನ್ನೂ ಬಗ್ಗಿಸಬೇಕಿಲ್ಲ. ಆ 85 ಕೆ.ಜಿ. ಒತ್ತು ಈ ಪಟ್ಟಿಗೆ ಬಂದಾಗ ಸುಮಾರು 250 ಕೆ.ಜಿ. ಎಳೆತ ಆಗುತ್ತೆ. 8 ಮಿ.ಮೀ. ಬೋಲ್ಟಿಗೆ 9 ಮಿ.ಮೀ. ತೂತು ತೆಗೆದ ಮೇಲೂ ಆ ಪಟ್ಟಿ 1,200 ಕೆ.ಜಿ. ಎಳೆತ ತಾಳುತ್ತೆ. ಬಗ್ಗಿಸಿದರೆ ಕೈಯಲ್ಲೇ ಬಗ್ಗುವ ಪಟ್ಟಿ, ಎಳೆದರೆ ಒಂದು ಟನ್ನಿಗಿಂತ ಜಾಸ್ತಿ ತಡೆಯುತ್ತೆ. ನಾನು ಈ ಕೆಲಸಕ್ಕೆ ಬಂದ ಮೊದಲ ವರ್ಷ ಇದನ್ನು ಕಣ್ಣಾರೆ ನೋಡಿ ಬೆರಗಾಗಿದ್ದೆ, ಇವತ್ತಿಗೂ ಹಾಗೇ ಅನಿಸುತ್ತೆ. ತಳ್ಳುವ ದಿಕ್ಕಿನಲ್ಲೂ 14 ಸೆಂ.ಮೀ. ಉದ್ದದವರೆಗೆ ಅದು ನಿಲ್ಲುತ್ತೆ. ಉದ್ದ ಜಾಸ್ತಿಯಾದರೆ 25×25 ಆ್ಯಂಗಲ್ ಹಾಕಿ.

ತೂತಿನ ಬಗ್ಗೆ ಸ್ವಲ್ಪ ಎಚ್ಚರ. 40 ಮಿ.ಮೀ. ರೆಕ್ಕೆಯಲ್ಲಿ ಮೂಲೆಯಿಂದ 22 ಮಿ.ಮೀ.ಗೆ ತೂತಿನ ನಡು ಬರಲಿ. ಆಗ ಹೊರ ಅಂಚಿಗೆ 18 ಉಳಿಯುತ್ತೆ, ಒಳಗಡೆ ವಾಷರ್ ಕೂರೋಕೂ ಜಾಗ ಸಿಗುತ್ತೆ. 10 ಮಿ.ಮೀ. ಬೋಲ್ಟು, 11 ಮಿ.ಮೀ. ತೂತು. ಕೊರೆದ ಮೇಲೆ ತೂತಿನ ಬಾಯಿಯಲ್ಲಿ ಎದ್ದು ನಿಂತ ಚೂಪು ಚೂರನ್ನು ದೊಡ್ಡ ಡ್ರಿಲ್ ಬಿಟ್ಟಿನಿಂದ ಕೈಯಲ್ಲೇ ಎರಡು ಸುತ್ತು ತಿರುಗಿಸಿ ತೆಗೆಯಿರಿ. ಕೊಯ್ದ ಅಂಚುಗಳಿಗೆ ಅರ ಹಾಕಿ. ಅರ ಅಂಚಿನ ಉದ್ದಕ್ಕೆ ಓಡಲಿ, ಅಡ್ಡಲಾಗಿ ಬೇಡ. ಉಗುರು ಅಂಚಿನ ಮೇಲೆ ಜಾರಿಸಿದರೆ ಎಲ್ಲೂ ಸಿಕ್ಕಬಾರದು. ಒಂದು ಕಾಲಿಗೆ ಐದು ನಿಮಿಷದ ಕೆಲಸ. ನಿಮ್ಮ ಮೂರನೇ ಕಾಲು ತೂತಿನಲ್ಲಿ ಮುರಿಯಿತಲ್ಲ, ಆ ತೂತಿನ ಬಾಯಿ ಮುಟ್ಟಿ ನೋಡಿ. ಚೂರು ಹಾಗೇ ಇರುತ್ತೆ ಅನ್ನೋದು ನನ್ನ ಅಂದಾಜು.

ಬೋಲ್ಟಿಗಿಂತ ಮರ ಮೊದಲು ಸೋಲುತ್ತೆ. ರನ್ನರ್‌ನ ಹೊರಮೈಗೆ ಎರಡು ಬೋಲ್ಟಿಗೂ ಸೇರಿ ಒಂದೇ 40×5 ಪಟ್ಟಿ ಕೊಡಿ, ಬಿಡಿ ವಾಷರ್ ಬೇಡ. ತೂತುಗಳು ರನ್ನರ್‌ನ ಮೇಲಂಚಿನಿಂದ ಕನಿಷ್ಠ 40 ಮಿ.ಮೀ. ಕೆಳಗಿರಲಿ. ಮರದ ತೂತಿಗೆ ಅಗಸೆ ಎಣ್ಣೆ ಕುಡಿಸಿ, ಇಲ್ಲದಿದ್ದರೆ ಕಬ್ಬಿಣದ ಪಕ್ಕದ ಮರ ಕೊಳೆಯುತ್ತೆ.

ಕೊನೆಗೆ ಕೊಕ್ಕೆ. ಇದನ್ನು ಇವತ್ತೇ ಬದಲಾಯಿಸಿ. ಈಗ ಸ್ನೋಮೊಬೈಲ್ ಎಳೆಯೋದು ಅಡ್ಡಮರವನ್ನು, ಹಿಮ ಹಿಡಿದಿಡೋದು ರನ್ನರನ್ನು. ನಡುವೆ ಜಗ್ಗಾಟದಲ್ಲಿ ಸಿಕ್ಕೋದು ನಿಮ್ಮ ಕಾಲುಗಳು. ಪ್ರತಿ ಸಲ ಹೊರಡುವಾಗಲೂ, ನಿಲ್ಲುವಾಗಲೂ ಅವು ಹಿಂದೆ ಮುಂದೆ ಆಡುತ್ತವೆ. ಮುಂದಿನವು ಮೊದಲು ಹೋಗಿದ್ದು ಅದಕ್ಕೇ. ಎಳೆಯುವ ದಂಡವನ್ನು ಎರಡು ರನ್ನರ್‌ನ ಮೂತಿಗೆ ಹಾಕಿ, ಕಾಲಿನ ಅರ್ಧ ಕಷ್ಟ ಅಲ್ಲೇ ಕಳೆಯುತ್ತೆ.

ವೆಲ್ಡ್ ಬಗ್ಗೆ ಕೇಳಿದ್ದಿರಿ. ಬಿರುಕನ್ನು ಪೂರ್ತಿ ಕೆತ್ತಿ ತೆಗೆಯದೆ ಮೇಲೆ ವೆಲ್ಡ್ ಎಳೆದರೆ ಒಳಗಿನ ಬಿರುಕು ಹಾಗೇ ಇರುತ್ತೆ, ಪಕ್ಕದಲ್ಲೇ ಮತ್ತೆ ಸೀಳುತ್ತೆ. ಆ ಕಾಲುಗಳನ್ನು ಬಿಟ್ಟುಬಿಡಿ.

ಹಗ್ಗಗಂಟು

ಸುತ್ತಿಗೆಸದ್ದು ಅವರು ಹೇಳಿದ್ದೆಲ್ಲ ಸರಿ. ನನ್ನದು ಒಂದೇ ಮಾತು. ಆರೂ ಕಾಲನ್ನು ಎಲ್ಲ ದಿಕ್ಕಿಗೂ ಬಿಗಿದುಬಿಟ್ಟರೆ ಸ್ಲೆಡ್ ಮಂಚದ ಥರ ಆಗುತ್ತೆ. ಉಬ್ಬು ತಗ್ಗಿನಲ್ಲಿ ಒಂದು ರನ್ನರ್ ಮೇಲೆ, ಇನ್ನೊಂದು ಕೆಳಗೆ ಹೋಗಬೇಕು. ಹೋಗೋಕೆ ಬಿಡದಿದ್ದರೆ ಎಲ್ಲೋ ಒಂದು ಕಡೆ ಒಡೆಯಲೇಬೇಕು.

ಉತ್ತರ ಧ್ರುವದ ಕಡೆಯ ಇನ್ಯೂಟ್ ಜನರ ಕೊಮಾಟಿಕ್ ಸ್ಲೆಡ್ ನೋಡಿ. ಅಡ್ಡಪಟ್ಟಿಗಳನ್ನು ರನ್ನರ್‌ಗೆ ಮೊಳೆ ಹೊಡೆಯಲ್ಲ, ಹಗ್ಗದಲ್ಲಿ ಕಟ್ಟುತ್ತಾರೆ. ಹಿಂದೆ ಸೀಲ್ ಚರ್ಮದ ಹುರಿ ಇತ್ತು, ಈಗ ನೈಲಾನ್. ಕಲ್ಲಿನಂಥ ಸಮುದ್ರದ ಮಂಜುಗಡ್ಡೆ ಮೇಲೆ ಇಡೀ ಸ್ಲೆಡ್ ಹಾವಿನ ಹಾಗೆ ಬಳುಕಿಕೊಂಡು ಹೋಗುತ್ತೆ. 1888ರಲ್ಲಿ ನಾರ್ವೆಯ ಅನ್ವೇಷಕ ಫ್ರಿಟ್ಯೋಫ್ ನಾನ್ಸೆನ್ ಗ್ರೀನ್‌ಲ್ಯಾಂಡ್ ದಾಟಿದಾಗ ಅವರ ಸ್ಲೆಡ್‌ಗಳ ಕೀಲುಗಳೂ ಕಟ್ಟಿದ್ದೇ, ಮೊಳೆ ಹೊಡೆದದ್ದಲ್ಲ. ಸ್ಕೀ ಥರ ಅಗಲವಾದ ರನ್ನರ್ ಬೇರೆ.

ಹಾಗಾಗಿ ಪಕ್ಕದ ಒತ್ತಿಗೆ ಓರೆ ಪಟ್ಟಿ ಆರಕ್ಕೂ ಹಾಕಿ. ಉದ್ದದ ದಿಕ್ಕಿಗೆ ಬೇಕಾದರೆ ನಡುವಿನ ಜೋಡಿಗೆ ಮಾತ್ರ ಹಾಕಿ. ಮುಂದಿನದೂ ಹಿಂದಿನದೂ ಸ್ವಲ್ಪ ಆಡಲಿ. ಮೇಲಿನ ಹಲಗೆಯನ್ನು ಅಡ್ಡಮರಕ್ಕೆ ಸ್ಕ್ರೂ ಹಾಕಬೇಡಿ, ಹಗ್ಗದಲ್ಲಿ ಕಟ್ಟಿ. ಪಾಲಿಯೆಸ್ಟರ್ ಹಗ್ಗ ಆದರೆ ಒಳ್ಳೆಯದು, ನೈಲಾನ್ ಒದ್ದೆಯಾದರೆ ಹಿಗ್ಗುತ್ತೆ. ಹಗ್ಗ ಹೋಗುವ ತೂತಿನ ಅಂಚನ್ನು ಉಜ್ಜಿ ದುಂಡಗೆ ಮಾಡಿ.

ಮಂಜುದಾರಿ

ಇಬ್ಬರಿಗೂ ತುಂಬಾ ಧನ್ಯವಾದ. ತೂತಿನ ಬಾಯಿ ಮುಟ್ಟಿ ನೋಡಿದೆ. ಚೂರು ಹಾಗೇ ಇದೆ, ಬೆರಳಿಗೆ ಚುಚ್ಚಿತು. ಬಿರುಕು ಅಲ್ಲಿಂದಲೇ ಹೊರಟಿದೆ. ಇಷ್ಟು ದಿನ ಚಳಿಯದೇ ತಪ್ಪು ಅಂದುಕೊಂಡಿದ್ದೆ.

ರನ್ನರ್ ಅಡಿಯ ಪಟ್ಟಿ ಬಗ್ಗೆಯೂ ಕೇಳಬೇಕಿತ್ತು. ಈಗ 50×5 ಪಟ್ಟಿ ಇದೆ, ಕೆಳಗಿನಿಂದ ತಲೆ ಮುಳುಗುವ ಬೋಲ್ಟ್ ಹಾಕಿದ್ದೇನೆ. ಪಟ್ಟಿ ಸವೆದ ಹಾಗೆ ತಲೆಯೂ ಸವೆದು, ಎರಡು ಬೋಲ್ಟ್ ಕಿತ್ತು ಬಂದಿವೆ. ಲಾರಿಯ ಹಳೇ ಪ್ಲೇಟ್ ಸ್ಪ್ರಿಂಗ್ ಹಾಕಿದರೆ ಸವೆಯಲ್ಲ ಅಂತ ಒಬ್ಬರು ಹೇಳಿದರು.

ಕಿಡಿಬೆಳಕು

ಸ್ಪ್ರಿಂಗ್ ಪಟ್ಟಿ ನಾನು ಹಾಕಿ ನೋಡಿದ್ದೇನೆ. ಸವೆಯಲ್ಲ, ನಿಜ. ಆದರೆ ಮಾಮೂಲಿ ಡ್ರಿಲ್ ಬಿಟ್ ಅದರ ಮೇಲೆ ಜಾರುತ್ತೆ ಅಷ್ಟೇ, ಕೊರೆಯಲ್ಲ. ತೂತಿನ ಜಾಗವನ್ನು ಕೆಂಪಗೆ ಕಾಯಿಸಿ, ಬೂದಿಯಲ್ಲಿ ಹೂತು ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಕೊರೆಯಬೇಕು. ಅದಕ್ಕೆ ವೆಲ್ಡ್ ಮಾತ್ರ ಹಾಕಬೇಡಿ. ನಾನು ಹಾಕಿದ್ದೆ. ಮೇಲೆ ನೋಡೋಕೆ ಚೆನ್ನಾಗಿತ್ತು. ಮೂರನೇ ದಿನ ವೆಲ್ಡ್‌ನ ಪಕ್ಕದ ಗೆರೆಯಲ್ಲೇ ಪಟ್ಟಿ ಎರಡು ತುಂಡಾಯಿತು. ಕಾರ್ಬನ್ ಜಾಸ್ತಿ ಇರುವ ಉಕ್ಕು, ವೆಲ್ಡ್ ಪಕ್ಕ ಬೇಗ ತಣ್ಣಗಾಗಿ ಗಾಜಿನಂತೆ ಗಡುಸಾಗುತ್ತೆ.

ಈಗ ಸಾದಾ 50×5 ಪಟ್ಟಿಯನ್ನೇ ಬಳಸುತ್ತಿದ್ದೇನೆ, ಬೋಲ್ಟನ್ನು ಮೇಲಿನಿಂದ ಕೊಟ್ಟು. ಥ್ರೆಡ್ ಇರುವ ಸಾದಾ ರಾಡಿನ ತುಂಡುಗಳನ್ನು ಪಟ್ಟಿಯ ಮೇಲ್ಮುಖಕ್ಕೆ ವೆಲ್ಡ್ ಮಾಡಿದ್ದೇನೆ. ಅವು ಮರದೊಳಗೆ ಹೋಗುತ್ತವೆ. ರನ್ನರ್‌ನಲ್ಲಿ ಪಕ್ಕದಿಂದ ಒಂದು ಕಿಂಡಿ ಕೊರೆದು ಅಲ್ಲಿ ನಟ್ ಬಿಗಿಯುತ್ತೇನೆ. ಕೆಳಗೆ ತಲೆಯೇ ಇಲ್ಲ, ಪಟ್ಟಿ ಕಾಗದದಷ್ಟು ತೆಳುವಾಗುವ ತನಕ ಓಡಿಸಬಹುದು. 8.8 ಅಂತ ಬರೆದಿರುವ ಗಟ್ಟಿ ಬೋಲ್ಟನ್ನು ಇದಕ್ಕೆ ಬಳಸಬೇಡಿ, ವೆಲ್ಡ್ ಬಿಸಿಗೆ ಅದರ ಹದ ಕೆಡುತ್ತೆ. ಸತುವಿನ ಲೇಪ ಇದ್ದರೆ ವೆಲ್ಡ್‌ಗೆ ಮುಂಚೆ ಪೂರ್ತಿ ಉಜ್ಜಿ ತೆಗೆಯಿರಿ. ಆ ಹೊಗೆ ಕುಡಿದರೆ ರಾತ್ರಿ ಜ್ವರ ಬರುತ್ತೆ.

ಪಟ್ಟಿಯನ್ನು ಮೂತಿಯ ಮೇಲೆ ಸುತ್ತಿ ಹಿಂದಕ್ಕೆ ತಂದು ಮೇಲ್ಗಡೆ ಬಿಗಿಯಿರಿ. ತುದಿ ಮುಂದಕ್ಕೆ ಮುಖ ಮಾಡಿದ್ದರೆ ಮೊದಲ ಬೇರು ಸಿಕ್ಕಿದಾಗಲೇ ಎದ್ದು ಬರುತ್ತೆ.

ಸುತ್ತಿಗೆಸದ್ದು

ಕಿಡಿಬೆಳಕು ಅವರ ರಾಡಿನ ಉಪಾಯ ಬಹಳ ಚೆನ್ನಾಗಿದೆ, ನಾನೂ ಮಾಡುತ್ತೇನೆ. ಒಂದು ಸೇರಿಸುತ್ತೇನೆ. ಮುಂದಿನ ಒಂದು ತೂತು ಮಾತ್ರ ದುಂಡಗಿರಲಿ, ಉಳಿದವು ಉದ್ದಕ್ಕೆ ಸ್ವಲ್ಪ ಹಿಗ್ಗಿರಲಿ. 2.4 ಮೀಟರ್ ಕಬ್ಬಿಣ 50 ಡಿಗ್ರಿ ವ್ಯತ್ಯಾಸಕ್ಕೆ ಸುಮಾರು ಒಂದೂವರೆ ಮಿ.ಮೀ. ಕುಗ್ಗುತ್ತೆ, ಮರ ಅಷ್ಟು ಕುಗ್ಗಲ್ಲ.

ತುಂಬಾ ಚಳಿಯಲ್ಲಿ ಕಬ್ಬಿಣದ ಅಡಿ ಮರಳಿನ ಮೇಲೆ ಎಳೆದ ಹಾಗೆ ಭಾರ ಆಗೋದನ್ನು ಗಮನಿಸಿರಬಹುದು. ಜಾರೋದು ಉಜ್ಜಾಟದ ಬಿಸಿಗೆ ಕರಗುವ ತೆಳು ನೀರಿನ ಪದರದ ಮೇಲೆ. ಬೌಡನ್ ಮತ್ತು ಹ್ಯೂಸ್ ಅನ್ನುವ ವಿಜ್ಞಾನಿಗಳು 1939ರಲ್ಲಿ ಇದನ್ನು ತೋರಿಸಿದರು. ಕಬ್ಬಿಣ ಆ ಬಿಸಿಯನ್ನು ಹೀರಿಬಿಡುತ್ತೆ. ಸ್ಟೇನ್‌ಲೆಸ್ ಸಾದಾ ಉಕ್ಕಿನ ಮೂರನೇ ಒಂದು ಭಾಗದಷ್ಟೇ ಶಾಖ ದಾಟಿಸುತ್ತೆ, ಹಾಗಾಗಿ ಅಡಿಗೆ ಸ್ಟೇನ್‌ಲೆಸ್ ಹಾಕಿದರೆ ಅರ್ಥ ಇದೆ. ಕಾಲಿಗೆ ಬೇಡ, ದುಡ್ಡು ದಂಡ. ಯುಎಚ್‌ಎಂಡಬ್ಲ್ಯೂ ಪಾಲಿಥೀನ್ ಅನ್ನುವ ಗಟ್ಟಿ, ನುಣುಪು ಪ್ಲಾಸ್ಟಿಕ್ ಪಟ್ಟಿ ಇನ್ನೂ ಸಲೀಸು, ಮಂಜೂ ಕಚ್ಚಲ್ಲ. ಆದರೆ ಅದು ಅದೇ ಉದ್ದಕ್ಕೆ ಎರಡು ಸೆಂ.ಮೀ. ಕುಗ್ಗುತ್ತೆ. ತೂತುಗಳನ್ನು ಅಷ್ಟು ಉದ್ದ ಮಾಡದಿದ್ದರೆ ಬಿಲ್ಲಿನ ಹಾಗೆ ಬಾಗುತ್ತೆ. ಕಲ್ಲು ಜಾಸ್ತಿ ಇರುವ ದಾರಿಗೆ ಕಬ್ಬಿಣವೇ ಸರಿ.

ಮಂಜುದಾರಿ

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಆರು ಆ್ಯಂಗಲ್ ಕಾಲು, ಆರು ಓರೆ ಪಟ್ಟಿ ಹಾಕಿದೆ. ಎಳೆಯುವ ದಂಡ ರನ್ನರ್ ಮೂತಿಗೆ ಬಂತು. ಹಲಗೆಗೆ ಹಗ್ಗ. ಕೊಯ್ದು, ಅರ ಹಾಕಿ, ಜೋಡಿಸೋಕೆ ಎರಡು ದಿನ ಹಿಡಿಯಿತು. ವೆಲ್ಡಿಂಗ್ ಮಷಿನ್ ಮುಟ್ಟಲೇ ಇಲ್ಲ.

ಅದೇ ಓರೆ ಜಾಡನ್ನು 350 ಕೆ.ಜಿ. ಹೊತ್ತು ಐದು ಸಲ ದಾಟಿದೆ. ಮೊದಲು ಪ್ರತಿ ಸಲ ಕಾಲುಗಳಿಂದ ಕಿರ್ ಅನ್ನುವ ಸದ್ದು ಬರುತ್ತಿತ್ತು, ಈಗ ಹಗ್ಗದ ಸದ್ದು ಮಾತ್ರ. ಹಿಂದಿನ ಎಡಗಾಲಿನ ಎರಡು ನಟ್ ಸ್ವಲ್ಪ ಸಡಿಲ ಆಗಿತ್ತು. ಅದು ಕಾಲಿನ ತೊಂದರೆನಾ, ಮರದ ತೊಂದರೆನಾ?

ಸುತ್ತಿಗೆಸದ್ದು

ಮರ ಒಣಗಿ ಕುಗ್ಗಿದ್ದು. ಹೊಸ ಬೋಲ್ಟ್ ಬಿಗಿದ ಮೊದಲ ತಿಂಗಳು ಇದು ಇದ್ದದ್ದೇ. ನೈಲಾನ್ ಉಂಗುರ ಇರುವ ನಟ್ ಹಾಕಿ, ಇನ್ನೊಮ್ಮೆ ಬಿಗಿಯಿರಿ. ಆಮೇಲೆ ನಟ್‌ನಿಂದ ಆ್ಯಂಗಲ್ ಮೇಲೆ ಬರುವ ಹಾಗೆ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಹೊರಡುವ ಮುಂಚೆ ಸುತ್ತ ಒಂದು ಸಲ ನಡೆದು ನೋಡಿದರೆ ಸಾಕು, ಗೆರೆ ಮುರಿದಿರುವ ನಟ್ ಯಾವುದು ಅಂತ ಕಾಣುತ್ತೆ. ರಾತ್ರಿ ನಿಲ್ಲಿಸುವಾಗ ಎರಡು ಕೋಲಿನ ಮೇಲೆ ಹತ್ತಿಸಿ ನಿಲ್ಲಿಸಿ. ಕಬ್ಬಿಣದ ಅಡಿ ಬೆಳಗಾಗುವಷ್ಟರಲ್ಲಿ ಮಂಜಿಗೆ ಅಂಟಿಕೊಳ್ಳುತ್ತೆ. ಅದನ್ನು ಕೀಳೋಕೆ ಜಗ್ಗಿದಾಗ ಬೀಳುವ ಏಟು ಯಾವ ಜಾಡಿನ ಏಟಿಗೂ ಕಡಿಮೆ ಇರಲ್ಲ.